ಎಡಗೈಗೆ ಒಪ್ಪಿದ ಪಿಸ್ತೂಲು

ಇರಾಕಿ ಸೈನಿಕರು ಕೆಳಗಿನ ಫ್ಲಾಟಿನ ಬಾಗಿಲನ್ನು ಒದ್ದು ಮುರಿದ ಮರುದಿನ ಬೆಳಿಗ್ಗೆ ಯಶೋಧರ ಕುವೈತಿನ ಶುವೈಖ್‌ನಲ್ಲಿದ್ದ ಗೋದಾಮಿಗೆ ಹೋದ. ಅವನು ಸ್ಟೋರ್‌ಕೀಪರ್ ಆಗಿದ್ದ ಆ ಸ್ಪೇರ್ ಪಾರ್ಟ್ಸ್ ಗೋದಾಮು ಇರಾಕಿ ಸೈನ್ಯ ದೇಶದೊಳಗೆ ನುಗ್ಗಿದ ಆಗಸ್ಟ್ ಎರಡರಿಂದ ಮುಚ್ಚಿತ್ತು. ವೀಸಾ ಕೊಟ್ಟ ಮಾಲೀಕ, ಅವನ ಕಫೀಲ್, ಸೌದಿಗೆ ಓಡುವಾಗ ಬೀಗದ ಕೈ ಕೊಟ್ಟು, ಒಳಗಿನ ಕಪಾಟಿನಲ್ಲಿ ಮೂರು ಪಿಸ್ತೂಲುಗಳಿವೆ, ಬೇಕಾದರೆ ತಗೋ ಎಂದಿದ್ದ. ಬೇಕಾಗುವ ದಿನ ಬಂದೀತೆಂದು ಯಶೋಧರ ಎಣಿಸಿರಲಿಲ್ಲ. ಆದರೆ ಕೆಳಗಿನ ಮನೆಯ ಹೆಂಗಸಿನ ಕೂಗು ಇನ್ನೂ ಕಿವಿಯಲ್ಲೇ ಇತ್ತು. ಅವನ ಮಗಳು ಅಶ್ಮಿತಾಳಿಗೆ ಹದಿನಾರು ವರ್ಷ.

ಪಕ್ಕದ ಗ್ಯಾರೇಜಿನ ಡೋಲ್ಫಿ ಪೊರ್ಬುಗಳನ್ನೂ ಒಳಗೆ ಕರೆದುಕೊಂಡು ಹೋದ. ಮಂಗಳೂರು ಕಡೆಯ ಅವರು ಗಲ್ಫಿಗೆ ಬರುವ ಮೊದಲು ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು.

"ಸಿಕ್ಕಿಬಿದ್ದರೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ, ಗೊತ್ತುಂಟಲ್ಲ?" ಎಂದರು ಪೊರ್ಬುಗಳು.

"ಗೊತ್ತುಂಟು."

ಪೊರ್ಬುಗಳು ಮೂರರ ಗುಂಡನ್ನೂ ತೆಗೆದು, ಎಣ್ಣೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಯಶೋಧರ ಮೊದಲನೆಯದನ್ನು ಎತ್ತಿಕೊಂಡ. ಚಪ್ಪಟೆಯಾಗಿ, ಅಂಗಿಯೊಳಗೆ ಕಾಣದಂತೆ ಕೂರುವಂಥದು.

"ನೀವು ಎಡಚರಲ್ವಾ?" ಪೊರ್ಬುಗಳು ತಲೆಯಾಡಿಸಿದರು. "ಅದು ಆಗ್ಲಿಕ್ಕಿಲ್ಲ. ಸೇಫ್ಟಿ ಲಾಕ್ ಎಲ್ಲುಂಟು ನೋಡಿ. ಎಡಬದಿಯಲ್ಲಿ. ಬಲಗೈಯವನ ಹೆಬ್ಬೆರಳಿಗೆ ಮಾಡಿದ್ದು. ತೆಗೆಯಿರಿ ನೋಡುವ."

ಯಶೋಧರನ ಎಡ ಹೆಬ್ಬೆರಳು ಆಚೆಗೆ ತಲುಪಲಿಲ್ಲ. ತೋರುಬೆರಳಿನಿಂದ ತಡಕಾಡಿದ, ಕೊನೆಗೆ ಬಲಗೈಯನ್ನೂ ತರಬೇಕಾಯಿತು.

"ಅಷ್ಟರಲ್ಲಿ ನೀವು ಸತ್ತಿರ್ತೀರಿ ಮಾರಾಯ್ರೆ. ಖಾಲಿ ತೋಟೆ ಬೇರೆ ಬಲಕ್ಕೆ ಹಾರ್ತದೆ, ನಿಮ್ಮ ಮೂಗಿನೆದುರಿಗೇ."

ಎರಡನೆಯದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅದರ ಲಾಕೂ ಅದೇ ಬದಿಗೆ. ಮೂರನೆಯದು ಮೊಂಡು ಮೂತಿಯ ರಿವಾಲ್ವರ್. ಐದು ಗುಂಡು. ಲಾಕ್ ಎಂಬುದೇ ಇಲ್ಲ, ಕುದುರೆ ಎಳೆದರೆ ಸಾಕು. ಆದರೆ ಗುಂಡಿನ ಚಕ್ರ ದಪ್ಪ, ಸೊಂಟದಲ್ಲಿ ಉಬ್ಬಿ ಕಾಣುತ್ತದೆ.

"ಇದಕ್ಕೆ ಎಡ ಬಲ ಇಲ್ಲ," ಎಂದರು ಪೊರ್ಬುಗಳು. "ಗುಂಡು ತುಂಬಿಸುವಾಗ ಮಾತ್ರ ನಿಮ್ಮ ಕೈಗೆ ಸ್ವಲ್ಪ ಕಷ್ಟ. ಆದ್ರೆ ಎರಡನೇ ಸಲ ತುಂಬಿಸ್ಲಿಕ್ಕೆ ನಿಮಗೆ ಯಾರೂ ಪುರುಸೊತ್ತು ಕೊಡುವುದಿಲ್ಲ."

ಯಶೋಧರ ಅದನ್ನೇ ಆರಿಸಿದ. ಗುಂಡು ತುಂಬಿಸಿ ಎಡಸೊಂಟಕ್ಕೆ ಸಿಕ್ಕಿಸಿ, ಅಂಗಿ ಇಳಿಬಿಟ್ಟ. ಉಳಿದೆರಡನ್ನು ಪೊರ್ಬುಗಳು ಗ್ಯಾರೇಜಿನ ಸುಟ್ಟ ಆಯಿಲಿನ ಡ್ರಮ್ಮಿಗೆ ಹಾಕಿದರು.

ಅವನೊಬ್ಬನೇ ಕಾರಿನಲ್ಲಿ ವಾಪಸು ಬರುವ ದಾರಿಯಲ್ಲಿ, ಬೆಳಿಗ್ಗೆ ಖಾಲಿಯಿದ್ದ ಸರ್ಕಲಿನಲ್ಲಿ ಈಗ ಸೈನಿಕರು ನಿಂತಿದ್ದರು. ಕಾರು ತಿರುಗಿಸಿಕೊಳ್ಳುವಷ್ಟರಲ್ಲಿ ಒಬ್ಬ ಕೈ ಅಡ್ಡ ಹಿಡಿದ. ಮೀಸೆ ಕೂಡ ಸರಿಯಾಗಿ ಚಿಗುರದ ಹುಡುಗ. ವಾಸದ ಪರವಾನಗಿ, ಇಕಾಮಾ, ನೋಡಿದ. ಡಿಕ್ಕಿ ತೆಗೆಸಿ, ಸ್ಪೇರ್ ಟೈರ್ ಎತ್ತಿಕೊಡು ಎಂದು ಸನ್ನೆ ಮಾಡಿದ.

ಯಶೋಧರ ಬಗ್ಗಿದ. ಟೈರ್ ಎತ್ತುತ್ತಿದ್ದಂತೆ ರಿವಾಲ್ವರ್ ಸೊಂಟದಿಂದ ಜಾರತೊಡಗಿತು. ಎಡಗೈ ತಾನಾಗಿಯೇ ಟೈರ್ ಬಿಟ್ಟು ಸೊಂಟಕ್ಕೆ ಹೋಯಿತು. ಅಂಗಿಯ ಮೇಲಿಂದಲೇ ಬೆರಳುಗಳು ಹಿಡಿಯನ್ನು ಸುತ್ತಿಕೊಂಡವು.

"ಶಿನು ಹಾದಾ?" ಏನದು ಎಂದು ಹುಡುಗ ಕೇಳಿದ. ಅವನ ಬಂದೂಕಿನ ಮೂತಿ ಮೇಲೆದ್ದಿತ್ತು.

ಯಶೋಧರ ಲೆಕ್ಕ ಹಾಕಿದ. ಎಳೆದರೆ ಈ ಹುಡುಗ ಸಾಯುತ್ತಾನೆ, ಮರುಕ್ಷಣ ತಾನು. ಸಂಜೆಯೊಳಗೆ ಇಕಾಮಾದಲ್ಲಿರುವ ವಿಳಾಸ ಹುಡುಕಿಕೊಂಡು ಅವರು ಮನೆಗೆ ಬರುತ್ತಾರೆ. ಕೈಯನ್ನು ಅಲ್ಲಿಂದ ತೆಗೆಯುವಂತಿಲ್ಲ, ತೆಗೆದರೆ ಅದು ಕೆಳಗೆ ಬೀಳುತ್ತದೆ. ಮುಖ ಕಿವಿಚಿ, ಬರುವಷ್ಟು ಅರಬ್ಬಿಯಲ್ಲಿ "ನೋವು, ಸೊಂಟ ನೋವು" ಎಂದು ನರಳಿದ.

ಹುಡುಗ ಅವನನ್ನು ದಿಟ್ಟಿಸಿದ. ಆಮೇಲೆ ನಕ್ಕು, ತಾನೇ ಟೈರ್ ಎಳೆದು ಕೆಳಗೆ ಹಾಕಿಕೊಂಡ.

"ಖಲಾಸ್. ಯಲ್ಲಾ!" ಮುಗೀತು, ಹೊರಡು ಎಂದು ಕೈ ಬೀಸಿದ. ಟೈರ್ ಅವನಿಗೇ ಉಳಿಯಿತು.

ಮನೆ ಬಾಗಿಲಿಗೆ ಬಂದರೂ ಯಶೋಧರನ ಎಡಗೈ ಸೊಂಟ ಬಿಟ್ಟಿರಲಿಲ್ಲ. ಹೆಂಡತಿ ಮೋಹಿನಿ ಅಂಗಿ ಎತ್ತಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಇದರಿಂದ ಎಷ್ಟು ಜನರನ್ನು ತಡೀತೀರಿ? ಲಾರಿ ತುಂಬಾ ಬರ್ತಾರೆ ಅವರು," ಎಂದಳು. "ಹಕೀಂ ಬ್ಯಾರಿಗಳ ಬಿಲ್ಡಿಂಗಿನಲ್ಲಿ ನಮ್ಮ ಊರ ಕಡೆಯ ಇಪ್ಪತ್ತು ಮನೆಯವರು ಒಟ್ಟಿಗೆ ಇದ್ದಾರಂತೆ. ನಾವೂ ಹೋಗುವ. ಇವತ್ತೇ."

ಅವಳು ರಿವಾಲ್ವರನ್ನು ಕಸದ ಬಕೆಟಿನಲ್ಲಿ ತರಕಾರಿ ಸಿಪ್ಪೆಯಡಿ ಮುಚ್ಚಿ, ಹಿಂದಿನ ಗಲ್ಲಿಯ ಮ್ಯಾನ್‌ಹೋಲಿಗೆ ಹಾಕಿ ಬಂದಳು. ಮೂವರೂ ಎರಡು ಬ್ಯಾಗು ಹಿಡಿದು ಹೊರಟರು.

ಸೆಪ್ಟೆಂಬರಿನಲ್ಲಿ ಆ ಬಿಲ್ಡಿಂಗಿನವರೆಲ್ಲ ಬಸ್ಸು ಮಾಡಿಕೊಂಡು ಜೋರ್ಡಾನಿನ ದಾರಿ ಹಿಡಿದರು. ಗಡಿಯಾಚೆ, ಮರುಭೂಮಿಯ ಡೇರೆಯಲ್ಲಿ, ಊರಿಗೆ ಹೋಗುವ ವಿಮಾನದ ಪಟ್ಟಿಯಲ್ಲಿ ಮೂವರ ಹೆಸರನ್ನೂ ಕೂಗುವುದನ್ನು ಕೇಳಿದಾಗ ಯಶೋಧರ ಮೊದಲ ಬಾರಿಗೆ ಅತ್ತ.