ಗೊಂಬೆಯ ಒಪ್ಪಿಗೆ

ರಬ್ಬರಿನ ಗೊಂಬೆಯನ್ನು ಮಾತಾಡಿಸಲಿಲ್ಲ ಎಂಬ ಕಾರಣಕ್ಕೆ ಇಷ್ಟು ವರ್ಷದ ಓದು ನೀರಲ್ಲಿ ಮಾಡಿದ ಹೋಮ ಆಗಬಹುದೆಂದು ಯಾರಾದರೂ ಹೇಳಿದ್ದರೆ, ಮೌನಗೌರಿ ನಕ್ಕುಬಿಡುತ್ತಿದ್ದಳು. ಅದು ಅವಳ ಹೆಸರಲ್ಲ. ಮಾತು ಕಡಿಮೆಯೆಂದು ನರ್ಸಿಂಗ್ ಕಾಲೇಜಿನ ಗೆಳತಿಯರು ಅಂಟಿಸಿದ್ದು. ಲೈಸೆನ್ಸ್ ಪರೀಕ್ಷೆಯ ಬರವಣಿಗೆ ಮುಗಿದಿತ್ತು. ಉಳಿದದ್ದು ಪ್ರಾಯೋಗಿಕ ಭಾಗ. ಮಂಚದ ಮೇಲೆ ಮಲಗಿಸಿದ ಗೊಂಬೆಯ ಕೈಗೆ ಸೂಜಿ ಹಾಕಿ ಡ್ರಿಪ್ ಏರಿಸಬೇಕು, ಅಷ್ಟೆ.

ರೋಗಿಯನ್ನು ಮುಟ್ಟುವಾಗ ಅವಳಿಗೊಂದು ಅಭ್ಯಾಸವಿತ್ತು. ಮೊದಲು ತೋಳಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕಾಯುವಳು. ಭಯಕ್ಕೆ ಸೆಟೆದ ತೋಳು ಒಂದು ಗಳಿಗೆಯಲ್ಲಿ ತಾನಾಗಿ ಸಡಿಲವಾಗುತ್ತದೆ. ಅವಳ ಪಾಲಿಗೆ ಅದೇ ಒಪ್ಪಿಗೆ. ಅಂದೂ ಗೊಂಬೆಯ ತೋಳಿನ ಮೇಲೆ ಕೈಯಿಟ್ಟಳು. ಕಾದಳು. ರಬ್ಬರು ಎಲ್ಲಿಯಾದರೂ ಸಡಿಲವಾಗುವುದುಂಟೆ? ತಾನು ಏತಕ್ಕೆ ಕಾಯುತ್ತಿದ್ದೇನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಪರೀಕ್ಷಕಿ ಕೆಮ್ಮಿದರು.

“ಏನಮ್ಮಾ, ಪೇಷೆಂಟ್ ಹತ್ರ ಒಂದು ಮಾತೂ ಆಡಲಿಲ್ವಲ್ಲ? ಒಪ್ಪಿಗೆ ಯಾರು ತಗೋಬೇಕು, ನಾನಾ?”

“ಅದೇ ತಗೋತಾ ಇದ್ದೆ ಮೇಡಂ.”

“ಬಾಯಿ ಬಿಡದೇನಾ?” ಅವರ ಪೆನ್ನು ಕಾಗದದ ಮೇಲೆ ಕರಕರ ಓಡಿತು. “ಆಯ್ತು, ಚುಚ್ಚು ಬೇಗ. ಹೊರಗೆ ಕ್ಯೂ ಇದೆ.”

ಆಮೇಲೆ ಅವಳ ಕೈ ಅವಳದಾಗಿ ಉಳಿಯಲಿಲ್ಲ. ಸೂಜಿ ಒಮ್ಮೆ ನಾಳದ ಪಕ್ಕಕ್ಕೆ ಹೋಯಿತು, ಇನ್ನೊಮ್ಮೆ ನಾಳವನ್ನು ದಾಟಿ ಆಚೆ ಹೋಯಿತು.

ಫಲಿತಾಂಶಕ್ಕೆ ಕಾಯುವ ದಿನಗಳು ಬಂದವು. ವಿಚಿತ್ರವೆಂದರೆ, ಮೌನಗೌರಿ ಮಾತಾಡತೊಡಗಿದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳ ದನಿ ಕೇಳಿ ಅತ್ತಿಗೆ ಬಾಗಿಲಲ್ಲೇ ನಿಂತಳು.

“ಈಗ ನಿಮ್ಮನ್ನು ಕೆಳಗಿಳಿಸುತ್ತೇನೆ. ಗಾಬರಿಯಾಗಬೇಡಿ.”

ಎದುರಿಗಿದ್ದದ್ದು ಹಾಲಿನ ಪಾತ್ರೆ.

“ಅಯ್ಯೋ, ಹಾಲಿಗೂ ಬಹುವಚನಾನಾ!” ಅತ್ತಿಗೆಗೆ ನಗು ತಡೆಯಲಾಗಲಿಲ್ಲ. “ಇಷ್ಟು ಮರ್ಯಾದೆ ಈ ಮನೇಲಿ ನಿಮ್ಮಣ್ಣನಿಗೂ ಸಿಕ್ಕಿಲ್ಲ ಕಣೇ.”

ಹಿತ್ತಲ ಬಾಗಿಲಲ್ಲಿ ಮುಖಕ್ಕೆ ಸೋಪು ಬಳಿದುಕೊಂಡಿದ್ದ ಅಣ್ಣ ಅಲ್ಲಿಂದಲೇ ಕೂಗಿದ. “ಯಾಕಿಷ್ಟು ತಲೆ ಕೆಡಿಸ್ಕೋತೀಯ? ಹೋದ್ರೆ ಹೋಯ್ತು, ಮುಂದಿನ ಸಲ ಬರಿ.”

“ಅದೇನು ಬಸ್ಸಾ ಅಣ್ಣ, ಇದು ಹೋದ್ರೆ ಹಿಂದಿನದು ಹತ್ತೋಕೆ?”

ಇಬ್ಬರೂ ಅವಳ ಮುಖವನ್ನೇ ನೋಡಿದರು. ಅವಳು ಎದುರು ಮಾತಾಡಿದ್ದು ಅದೇ ಮೊದಲು. ಪರೀಕ್ಷೆ ಹೋಗುತ್ತದೆಂಬ ಭಯ ಇತ್ತು, ನಿಜ. ಆದರೆ ಅದರ ಅಡಿಯಲ್ಲಿ ಉರಿಯುತ್ತಿದ್ದದ್ದು ಬೇರೆ. ತಾನು ಒಪ್ಪಿಗೆ ಕೇಳಿಯೂ ಕೇಳಲಿಲ್ಲವೆಂದು ಪರೀಕ್ಷಕಿ ಬರೆದುಕೊಂಡರಲ್ಲ! ಕೈಯಿಂದ ಕೇಳಿದರೆ ಅದು ಕೇಳಿದ ಹಾಗಲ್ಲವೇ?

ವಾರ್ಡಿನಲ್ಲಿ ಇನ್ನೂ ಕಷ್ಟ. ಫಲಿತಾಂಶ ಬರುವತನಕ ಅವಳು ಅಲ್ಲಿ ತರಬೇತಿಯವಳು. ಹೆಗಲ ಹಿಂದೆ ಯಾರೋ ಪೆನ್ನು ಹಿಡಿದು ನಿಂತಂತೆ ಅನ್ನಿಸುತ್ತಿತ್ತು. ಬಾಯಿ ಪುಸ್ತಕ ಒದರುತ್ತಿತ್ತು, ಕೈ ನಡುಗುತ್ತಿತ್ತು. ಇನ್‌ಚಾರ್ಜ್ ಸಿಸ್ಟರ್ ಆಗಲೇ ಎಚ್ಚರಿಸಿದ್ದರು: “ಕೈ ಹೀಗೇ ಇದ್ರೆ ನಿನ್ನನ್ನ ಬಟ್ಟೆ ಕೋಣೆಗೆ ಹಾಕ್ತೀನಿ. ಹೊದಿಕೆ ಮಡಚ್ಕೊಂಡಿರು.” ಪರೀಕ್ಷೆಯನ್ನು ಮತ್ತೆ ಬರೆಯಬಹುದು. ರೋಗಿಯನ್ನು ಮುಟ್ಟುವ ಕೈಯೇ ಕಳೆದುಹೋದರೆ ಅದನ್ನು ಎಲ್ಲಿ ಹುಡುಕುವುದು?

ಅಂದು ಮಧ್ಯಾಹ್ನ ಲಾರಿ ಡ್ರೈವರನೊಬ್ಬನ ಸರದಿ. ಕಾಲಿನ ಗಾಯಕ್ಕೆ ಪಟ್ಟಿ ಕಚ್ಚಿಕೊಂಡಿತ್ತು. “ಈಗ ಪಟ್ಟಿಯನ್ನು ಬಿಚ್ಚುತ್ತೇನೆ. ತುಸು ನೋವಾಗಬಹುದು. ನಿಮ್ಮ ಸಹಕಾರ ಅಗತ್ಯ...”

“ಅಮ್ಮಾ ತಾಯಿ, ನೀನು ಅನೌನ್ಸ್ ಮಾಡ್ತಾ ಇದ್ರೆ ನನಗೆ ಇನ್ನೂ ಹೆದರಿಕೆ ಆಗುತ್ತೆ,” ಎಂದು ಆತ ಮಂಚದ ಸರಳು ಹಿಡಿದುಕೊಂಡ. ಮೀನಖಂಡ ಕಲ್ಲಾಗಿತ್ತು. ಅವಳು ಎಳೆದಳು. ಆತ ಚೀರಿದ.

ಇನ್‌ಚಾರ್ಜ್ ಸಿಸ್ಟರ್ ದಾಪುಗಾಲಲ್ಲಿ ಬಂದರು. “ಸಾಕು. ಇಡು ಕೆಳಗೆ. ನಡಿ ಬಟ್ಟೆ ಕೋಣೆಗೆ.”

“ಇಲ್ಲ,” ಎಂದಳು ಮೌನಗೌರಿ.

“ಏನಂದೆ?”

“ಈ ಕಾಲು ಮುಗಿಸ್ತೀನಿ ಸಿಸ್ಟರ್. ಆಮೇಲೆ ಎಲ್ಲಿಗೆ ಬೇಕಾದ್ರೂ ಹಾಕಿ. ನೀವು ಮಾತ್ರ ಸ್ವಲ್ಪ ಹೊತ್ತು ಏನೂ ಹೇಳ್ಬೇಡಿ.”

ಪಕ್ಕದ ಮಂಚದವನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡ. ಅವಳು ಡ್ರೈವರನ ಮೊಣಕಾಲ ಕೆಳಗೆ ಅಂಗೈ ಇಟ್ಟಳು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದರು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಇದೂ ರಬ್ಬರೇ ಇರಬೇಕೆಂದು ಅವಳಿಗೆ ಒಳಗೇ ಅಳು ಬಂದಿತು. ಆಮೇಲೆ ಬೆರಳಡಿಯ ಸ್ನಾಯು ಒಂದಿಷ್ಟು ಸಡಿಲಗೊಂಡಿತು.

“ಶುರು ಮಾಡ್ಲಾ?”

“ಹೂಂ,” ಎಂದ ಆತ.

ಪಟ್ಟಿಗೆ ಸಲೈನ್ ಹನಿಸಿ ನೆನೆಸಿದಳು. ಅಂಚಿನಿಂದ ಬಿಡಿಸುತ್ತ ಬಂದಳು. ಆತ ಹಲ್ಲು ಕಚ್ಚಿದ, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಅವಳ ಕೈಯೂ ನಡುಗಲಿಲ್ಲ.

“ಪರೀಕ್ಷೇಲಿ ಹೀಗೆ ಸುಮ್ಮನೆ ನಿಂತಿದ್ರೆ ಫೇಲೇ ಮಾಡೋದು,” ಎಂದರು ಸಿಸ್ಟರ್, ದನಿ ತಗ್ಗಿಸಿ. “ನೋಡೋರಿಗೆ ಹೇಗೆ ಗೊತ್ತಾಗ್ಬೇಕು?”

“ಮಾಡ್ಲಿ ಸಿಸ್ಟರ್. ಮತ್ತೆ ಹೋಗ್ತೀನಿ. ಗೊಂಬೆಗೆ ದಿನವಿಡೀ ಭಾಷಣ ಬೇಕಿದ್ರೆ ಭಾಷಣ ಮಾಡ್ತೀನಿ, ನಮ್ಮಪ್ಪನ ಗಂಟೇನು ಹೋಗ್ಬೇಕು! ಆದ್ರೆ ಅದನ್ನ ಇಲ್ಲಿಗೆ ತರಲ್ಲ. ಇವರಿಗೆ ನೋವಾಗಿದ್ದು ನನ್ನ ಭಯಕ್ಕೆ. ಅದಕ್ಕೆ ಯಾರು ಮಾರ್ಕ್ಸ್ ಕಳೀತಾರೆ?”

ಸಿಸ್ಟರ್ ಹೊಸ ಪಟ್ಟಿಯ ಸುರುಳಿಯನ್ನು ಅವಳ ಕೈಗಿತ್ತರು.

“ಬಿಗಿಯಾಗಿ ಸುತ್ಬೇಡ. ಇದಾದ್ಮೇಲೆ ಮೂಲೆ ಮಂಚದ ಅಜ್ಜೀನ ನೋಡು.”

ಬಟ್ಟೆ ಕೋಣೆಯ ಮಾತು ಮತ್ತೆ ಬರಲಿಲ್ಲ. ಫಲಿತಾಂಶವೂ ಇನ್ನೂ ಬಂದಿರಲಿಲ್ಲ. ಪರೀಕ್ಷಕಿಯ ಮೇಲಿನ ಸಿಟ್ಟಿಗೆ ಅವಳ ಕಿವಿ ಬಿಸಿಯಾಗಿಯೇ ಇತ್ತು. ಆ ಸಿಟ್ಟನ್ನು ಹೊತ್ತುಕೊಂಡೇ ಅವಳು ಮೂಲೆಗೆ ಹೋಗಿ, ಅಜ್ಜಿಯ ಮಂಚದ ಪಕ್ಕ ಸ್ಟೂಲು ಎಳೆದು ಕೂತಳು.