ಹಿಕ್ಕೆಯಲ್ಲಿ ಮೊಳೆತ ಜಾಲಿ

ಮೈಲಾರಲಿಂಗಪ್ಪ ಮೇಷ್ಟ್ರು ಒಳ್ಳೆಯವರೇ. ಆದರೆ ಪಾಠಕ್ಕೆ ನಿಂತರೆ ಹಿಂದುಮುಂದು ನೋಡುವ ಪೈಕಿಯಲ್ಲ. ಇದನ್ನು ನಾನು ಅವರ ಮುಖದ ಮೇಲೇ ಹೇಳಿದ್ದೇನೆ, ಬೆನ್ನ ಹಿಂದೆ ಆಡುವ ಚಾಳಿ ನನ್ನದಲ್ಲ. ತೆಲಿಗಿ ಹತ್ತಿರದ ಆ ಶಾಲೆಗೆ ನಾವಿಬ್ಬರೇ ಶಿಕ್ಷಕರು. ಸಣ್ಣ ಮಕ್ಕಳು ನನ್ನ ಪಾಲಿಗೆ, ದೊಡ್ಡವರು ಅವರ ಪಾಲಿಗೆ. ನಡುವೆ ಗೋಡೆ ಇರಲಿಲ್ಲ, ಅವರ ಪಾಠವೆಲ್ಲ ನನ್ನ ಕಿವಿಗೂ ಬೀಳುತ್ತಿತ್ತು.

ಎಂಬತ್ತೊಂದನೇ ಇಸವಿ, ಯುಗಾದಿ ಹತ್ತಿರ ಬಂದಿತ್ತು. ಬಳ್ಳಾರಿ ಜಾಲಿ ಕೆರೆಯಂಗಳ ನುಂಗಿ, ಗೋಮಾಳ ನುಂಗಿ, ಹೊಲದ ಬದುವಿಗೆ ಬಂದು ನಿಂತಿತ್ತು.

"ಇದು ನಮ್ಮ ನೆಲದ ಗಿಡ ಅಲ್ಲ," ಎಂದರು ಮೇಷ್ಟ್ರು ಒಂದು ದಿನ ಪಾಠದಲ್ಲಿ. "ಒಲಿಗೆ ಸೌದಿ ಆಗ್ತೈತಿ ಅಂತ ಕಡಲಾಚೆಯಿಂದ ತಂದು ಬಿತ್ತಿದ್ರು. ಇದರ ಕೆಳಗ ಹುಲ್ಲು ಏಳಂಗಿಲ್ಲ. ಬಾರಿ ಗಿಡ, ತಂಗಡಿ ಗಿಡ ಹೋದ್ವು. ಅವನ್ನ ನಂಬಿದ ಹಕ್ಕಿ, ಹುಳ ಹೋದ್ವು. ಕೆರ್‍ಯಾಗ ಬಿತ್ತಿದ್ದು ಹೊಲಕ್ಕ ಹೆಂಗ ಬಂತು, ಹೇಳ್ರಿ ನೋಡೋಣ?"

ಗಾಳಿ ಎಂದನೊಬ್ಬ, ನೀರು ಎಂದಳೊಬ್ಬಳು. ಕುರಿಗಾರ ಎರ್ರೆಪ್ಪನ ಮಗಳು ಹುಲುಗಮ್ಮ ಎದ್ದು ನಿಂತಳು. ಅವರ ಹಟ್ಟಿಯಿಂದ ಐದನೇ ತರಗತಿವರೆಗೆ ಬಂದ ಮೊದಲ ಹೆಣ್ಣು ಕೂಸು ಅದು.

"ನಮ್ಮ ಕುರಿ ಅದರ ಕಾಯಿ ತಿಂತಾವ್ರಿ ಸಾರ್. ಬೀಜ ಹಿಕ್ಕ್ಯಾಗ ಹಂಗೇ ಬೀಳ್ತಾವು."

"ಭಲೇ ಹುಡುಗಿ! ನಾಳೆ ಹಿಕ್ಕಿ ತಗೊಂಡು ಬಾ, ಎಲ್ಲಾರಿಗೂ ತೋರಿಸೋಣ."

ಮರುದಿನ ಅವಳು ಉಡಿ ತುಂಬ ತಂದಳು. ಶಾಲೆಯಲ್ಲಿದ್ದ ಒಡಕು ಮಡಕೆಗೆ ಮಣ್ಣು ತುಂಬಿ, ಹಿಕ್ಕೆ ಹಾಕಿ, ದಿನಾ ತಾನೇ ನೀರು ಹಾಕಿದಳು. ವಾರ ಕಳೆಯುವಷ್ಟರಲ್ಲಿ ಎರಡೆರಡು ಎಲೆಯ ಸಸಿಗಳು ತಲೆ ಎತ್ತಿದವು. ಅವಳ ಹಿಗ್ಗು ನೋಡಬೇಕಿತ್ತು, ಯಾರಿಗೂ ಮಡಕೆ ಮುಟ್ಟಗೊಡಲಿಲ್ಲ.

ನನಗೆ ಮಾತ್ರ ಅದು ಸರಿ ಕಾಣಲಿಲ್ಲ. "ಆ ಕೂಸಿನ ಕೈಲೇ ಯಾಕ ತರಿಸಿದ್ರಿ? ದಾರ್‍ಯಾಗಿನ ಹಿಕ್ಕಿ ಸಾಲದಾಗಿತ್ತೇನು?" ಎಂದು ಮೇಷ್ಟ್ರನ್ನು ಕೇಳಿದೆ.

"ಕುರಿ ಯಾರದಾದ್ರೇನ್ರಿ, ಕಲ್ಯಾಣಮ್ಮ?" ಎಂದು ನಕ್ಕರು ಪುಣ್ಯಾತ್ಮರು.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬುತ್ತಾರೆ. ಹಿಂಡು ರಾತ್ರಿಯೆಲ್ಲ ಅಲ್ಲೇ ಮಲಗಿದರೆ ಹೊಲಕ್ಕೆ ಗೊಬ್ಬರ ಬೀಳುತ್ತದೆ, ಅದಕ್ಕೆ ಹೊಲದವರು ಕುರಿಗಾರನಿಗೆ ಜೋಳ ಕೊಡುತ್ತಾರೆ. ಎರ್ರೆಪ್ಪನ ಮನೆಯವರು ವರ್ಷವಿಡೀ ಉಣ್ಣುತ್ತಿದ್ದದ್ದು ಆ ಜೋಳವನ್ನೇ. ಮಕ್ಕಳು ಮನೆಗೆ ಹೋಗಿ ಮಡಕೆಯ ಸುದ್ದಿ ಹೇಳಿದವು. ಮೊದಲು ಊರಿನ ದೊಡ್ಡ ಹೊಲದವರಾದ ಸೋಮಪ್ಪ ಗೌಡರು ಎರ್ರೆಪ್ಪನನ್ನು ಕರೆಸಿ, "ಈ ಸಲ ನಿನ್ನ ಕುರಿ ನಮ್ಮ ಹೊಲಕ್ಕ ಬ್ಯಾಡಪ್ಪ. ಜಾಲಿ ಹಬ್ಬಿಸೋದು ಅವೇ ಅಂತ ಶಾಲ್ಯಾಗ ಸಾಬೀತಾಗೇತಿ," ಎಂದರು. ಅವರು ಅಂದ ಮೇಲೆ ಊರಿಗೆ ಊರೇ ಅಂದಿತು.

ಮೇಷ್ಟ್ರಿಗೆ ಆಗ ಎಚ್ಚರವಾಯಿತು. ಮನೆಮನೆ ತಿರುಗಿದರು. "ಒಂದು ವಾರ ಕುರಿಗೆ ದೊಡ್ಡ್ಯಾಗ ಬರೇ ಹೊಟ್ಟು ಮೇಸಿ, ಆಮೇಲೆ ತರುಬಿಸ್ರಿ. ಕುರಿ ಹೊಟ್ಟ್ಯಾಗಿನ ಬೀಜ ಅಷ್ಟೊತ್ತಿಗೆ ಹೋಗಿರ್ತಾವು. ದನಾನೂ ಆ ಕಾಯಿ ತಿಂತಾವಲ್ರಿ, ದನ ಹೊಲಕ್ಕ ಬ್ಯಾಡ ಅಂದೀರೇನು?" ಎಂದು ಅಂಗಲಾಚಿದರು.

"ನೀವೇ ಬೆಳಸಿ ತೋರಿಸಿದ್ರಿ," ಎಂದರು ಗೌಡರು. "ಈಗ ನೀವೇ ಅಡ್ಡ ಮಾತಾಡಿದ್ರ ಹೆಂಗ್ರಿ?"

ಯುಗಾದಿಗೆ ಮೊದಲೇ ಎರ್ರೆಪ್ಪ ಹಿಂಡು ಹೊಡೆದುಕೊಂಡು ಹಡಗಲಿ ಕಡೆಗೆ ಹೊರಟ. ಕತ್ತೆಯ ಮೇಲೆ ಗಂಟುಮೂಟೆ, ಹಿಂದೆ ಹೆಂಡತಿ ಬೊಮ್ಮಮ್ಮ. ಶಾಲೆಯ ಮುಂದೆಯೇ ಹಾದಿ. ಮೇಷ್ಟ್ರು ಪಾಠ ಬಿಟ್ಟು ಓಡಿದರು, ನಾನೂ ಓಡಿದೆ. ಎರ್ರೆಪ್ಪ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೈಮುಗಿದು ಮುಂದೆ ನಡೆದ.

"ಹುಡುಗೀನಾದ್ರೂ ಬಿಟ್ಟು ಹೋಗವ್ವ, ನಮ್ಮನ್ಯಾಗ ಇರ್ತಾಳ," ಎಂದೆ ಬೊಮ್ಮಮ್ಮನಿಗೆ.

"ಬ್ಯಾಡ್ರಿ ಅಕ್ಕೋರ. ಕಲಿತಿದ್ದು ಸಾಕು," ಎಂದಳು ಆಕೆ.

ಹುಲುಗಮ್ಮ ಮೇಷ್ಟ್ರ ಮುಂದೆ ನಿಂತಳು. ಅಳುತ್ತಿರಲಿಲ್ಲ.

"ಸಾರ್, ನಾ ಹೇಳಿದ್ದು ತಪ್ಪಾತೇನ್ರಿ?"

"ಇಲ್ಲವ್ವ. ಖರೇನ ಹೇಳೀದಿ."

"ಮತ್ತ ನಾವ್ಯಾಕ ಊರು ಬಿಡಾಕ ಹತ್ತೀವ್ರಿ?"

ಮೇಷ್ಟ್ರು ನನ್ನ ಮುಖ ನೋಡಿದರು. ಬೊಮ್ಮಮ್ಮ ಕೂಗಿದಳು, ಹುಡುಗಿ ಕುರಿಗಳ ಹಿಂದೆ ಓಡಿದಳು.