ಅಬ್ಬಾ ಜೊತೆಗಿನ ಊಟ

ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಅಂಗಳದಲ್ಲಿ ಸ್ಕಿಪ್ಪಿಂಗ್ ಹಗ್ಗದ ಸದ್ದು ಥಟ್ಟನೆ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಹತ್ತು ವರ್ಷದ ಮಗಳು ಫರ್ಹತ್ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು.

"ಏನಾಯ್ತು ಚಿನ್ನಾ?"

"ಹಸಿವು ಅಮ್ಮಿ. ಕಾಲೇ ಎದ್ದೇಳ್ತಿಲ್ಲ."

ಶನಿವಾರ ಶಾಲೆಯ ಓಟದ ತಂಡಕ್ಕೆ ಆಯ್ಕೆಯಿದೆ. ನಾಲ್ಕು ದಿನದಿಂದ ಅವಳು ಸಂಜೆ ಆರಕ್ಕೇ ಎರಡು ತುತ್ತು ಉಂಡು ಏಳುತ್ತಿದ್ದಳು. ಕಾಫಿ ಕೊಯ್ಲಿನ ಕಾಲವಾದ್ದರಿಂದ ಅವಳ ಅಬ್ಬಾ ಸಫ್ದರ್ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ರಿಪೇರಿ ಮುಗಿಸಿ ಆಲ್ದೂರಿನ ಮನೆಗೆ ಬರುವುದು ಒಂಬತ್ತರ ಮೇಲೆ. ಎಷ್ಟು ತಡವಾದರೂ ಅಪ್ಪ ಮಗಳು ಒಂದೇ ತಟ್ಟೆಯಲ್ಲಿ ಉಂಡು ಮಲಗುವವರು. ಈಗ ಅವರು ಒಬ್ಬರೇ ಉಣ್ಣುತ್ತಾರೆ, ಇವಳು ಹೊದಿಕೆಯೊಳಗಿಂದ ಇಣುಕುತ್ತಾಳೆ. ಕಾರಣವನ್ನು ಅವಳೇ ಹೇಳಲಿ ಎಂದು ನಾನು ಕಾದಿದ್ದೆ.

ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ. ಹಲ್ಲುಜ್ಜುತ್ತಾ ಬಂದ ಸಫ್ದರ್, "ಏನ್ ಮಾರಾಯ್ತಿ, ನನ್ ಜೊತೆ ಟೂ ಬಿಟ್ಟಿದೀಯಾ?" ಎಂದರು.

ಫರ್ಹತ್ ನಕ್ಕಳು, ಮರುಕ್ಷಣವೇ ಕಣ್ಣು ತುಂಬಿಕೊಂಡಳು. ಮೂರನೇ ರೊಟ್ಟಿ ಮುಗಿಸಿ ನನ್ನ ಸೆರಗು ಹಿಡಿದಳು.

"ಅಮ್ಮಿ, ಅಬ್ಬಾ ಬಂದ್ಮೇಲೆ ಉಂಡು ಹಾಗೇ ಮಲಗಿದ್ರೆ, ನಾನು ದಪ್ಪ ಆಗಿ ಓಡಕ್ಕೇ ಆಗಲ್ವಾ?"